ಸೋಮವಾರ ಬೆಳಿಗ್ಗೆ ಕಳಚಿಡುವ ಮಂಚ: ಜೀಪಿನೊಳಗೆ ಮಲಗಲು, ಸಾಮಾನು ಇಡಲು

ಜನವರಿ ಬಂತೆಂದರೆ ನಮ್ಮ ಕಣದ ತುಂಬ ರೊಬಸ್ಟಾ ಕಾಫಿ ಹರಡಿರುತ್ತದೆ, ಪಕ್ಕದಲ್ಲೇ ಕರಿಮೆಣಸು. ರಾತ್ರಿ ಒಬ್ಬರಾದರೂ ಕಾವಲಿರಲೇಬೇಕು. ಕೊಡಗಿನ ಸುಂಟಿಕೊಪ್ಪದ ಕಡೆಯ ಇಬ್ಬನಿಯಲ್ಲಿ ಬಯಲಿಗೆ ಮಲಗಿದರೆ ಬೆಳಗಿನ ಜಾವಕ್ಕೆ ಕಂಬಳಿಯನ್ನು ಹಿಂಡಿ ಒಣಹಾಕಬೇಕಾಗುತ್ತದೆ. ಜೀಪಿನ ಹಿಂಭಾಗದಲ್ಲಿ ಹಲಗೆ ಹಾಸಿ ಮಲಗುವ ಅಭ್ಯಾಸ ನನಗೆ ಬಂದದ್ದು ಹೀಗೆ. ನಮ್ಮ ಕಡೆ ಗುಡ್ಡ ಹತ್ತುವ ಯಾವ ವಾಹನಕ್ಕೂ ಜೀಪೆಂದೇ ಹೆಸರು; ನನ್ನದು ಹಳೆಯ ಬೊಲೆರೊ. ಆಮೇಲೆ ಅದೇ ಹಲಗೆ ತಿರುಗಾಟಕ್ಕೂ ಒದಗಿತು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ಬೇರೆ ಊರಿನಲ್ಲಿ ನಡೆಯುವಾಗ, ನೆಂಟರ ಮನೆಯ ಜಗಲಿಯವರೆಗೆ ಜನ ತುಂಬಿದ್ದರೂ ನಮಗೆ ಹಾಸಿಗೆಯ ಚಿಂತೆ ಇರುವುದಿಲ್ಲ.

ಮೊದಲ ಮಂಚವನ್ನು ನಾನು ಕೆಡಿಸಿದ್ದೆ. ಹಳೆಯ ಬೀರುವಿನ ಪಾರ್ಟಿಕಲ್ ಬೋರ್ಡ್ ಮನೆಯಲ್ಲೇ ಬಿದ್ದಿತ್ತಲ್ಲ ಎಂದು ಅದನ್ನೇ ಕೊಯ್ದು ಹಾಕಿದೆ. ಜೂನ್ ಮಳೆ ಹಿಡಿಯಿತು. ಜೋರು ಮಳೆಯ ಕಕ್ಕಡ ತಿಂಗಳು ಕಳೆದು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಬರುವಷ್ಟರಲ್ಲಿ ಅಂಚುಗಳು ನೆನೆದ ರಸ್ಕಿನಂತೆ ಉಬ್ಬಿದ್ದವು, ಅಡಿಭಾಗದಲ್ಲಿ ಹಸಿರು ಬೂಷ್ಟು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮಂಚ ಅಲುಗಾಡಬಾರದೆಂದು ಜೀಪಿನ ನೆಲಕ್ಕೇ ನಾಲ್ಕು ತೂತು ಕೊರೆದು ಬೋಲ್ಟ್ ಬಿಗಿದಿದ್ದೆ. ಚಕ್ರ ಎರಚಿದ ಕೆಸರುನೀರು ಆ ತೂತುಗಳಿಂದಲೇ ಒಳಗೆ ಬಂದು, ಸುತ್ತಲೂ ತುಕ್ಕಿನ ಬಳೆ ಕಟ್ಟಿತು.

ಎರಡನೆಯ ಸಲ ಎರಡೇ ಷರತ್ತು ಹಾಕಿಕೊಂಡೆ. ಮಂಚ ನೀರು ಕುಡಿಯಬಾರದು. ಮತ್ತು ಸೋಮವಾರ ಬೆಳಿಗ್ಗೆ ಗೊಬ್ಬರದ ಮೂಟೆ ತರಬೇಕಾದಾಗ ಹತ್ತು ನಿಮಿಷದಲ್ಲಿ, ಒಂದೇ ಒಂದು ಪಾನದ (ಸ್ಪ್ಯಾನರಿನ) ಸಹಾಯದಿಂದ, ಪೂರ್ತಿ ಹೊರಗೆ ಬರಬೇಕು. ಮುಂದೆ ಹೇಳುವುದೆಲ್ಲ ಈ ಎರಡರಿಂದಲೇ ಹುಟ್ಟಿದ್ದು.

ಅಳತೆಗೆ ಒಂದು ದಿನ ಕೊಡಿ

ಟೇಪು ಹಿಡಿಯುವ ಮೊದಲು ವಾಹನವನ್ನು ಖಾಲಿ ಮಾಡಿ, ಸೀಟು ಮಡಚಿ, ಒಳಗೆ ಮಲಗಿ ನೋಡಿ. ಭುಜ ಎಲ್ಲಿ ತಾಗುತ್ತದೆ, ಮಂಡಿ ಮಡಚಿ ಮಗ್ಗುಲು ತಿರುಗಿದರೆ ಎಲ್ಲಿಗೆ ಬರುತ್ತದೆ ಎಂಬುದು ಟೇಪಿಗೆ ತಿಳಿಯುವುದಿಲ್ಲ. ನಿಮ್ಮ ಎತ್ತರಕ್ಕಿಂತ ಉದ್ದ ಹತ್ತು ಸೆಂಟಿಮೀಟರ್ ಹೆಚ್ಚಿದ್ದರೆ ಆರಾಮ, ಐದಿದ್ದರೆ ಸಾಕು. ಅಗಲ ಒಬ್ಬರಿಗೆ 60 ಸೆಂ.ಮೀ. ಇರಬೇಕು. ಇಬ್ಬರಿಗೆ 105 ಆದರೂ ಸಾಗುತ್ತದೆ, ಜಗಳವಾಡದ ದಿನ.

ನನ್ನ ಲೆಕ್ಕ ಹೀಗೆ: ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿ, ನಡುವಿನ ಸೀಟಿನ ಒರಗನ್ನು ಮಡಚಿದಾಗ ಹಿಂಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ 178 ಸೆಂ.ಮೀ. ಹಿಂದಿನ ಅಡ್ಡಸೀಟುಗಳನ್ನು ಮೇಲಕ್ಕೆ ಮಡಚಿ ಪಟ್ಟಿಯಿಂದ ಕಟ್ಟಿದ ಮೇಲೆ ಉಳಿಯುವ ಅಗಲ 104. ಇದೇ ಮಾದರಿಯ ವಾಹನ ನಿಮ್ಮಲ್ಲಿದ್ದರೂ ಈ ಅಂಕಿಗಳನ್ನು ನಂಬಿ ಹಲಗೆ ಕೊಯ್ಯಬೇಡಿ. ಸೀಟು ಬದಲಾಗಿರುತ್ತದೆ, ಮ್ಯಾಟು ದಪ್ಪವಿರುತ್ತದೆ. ಟಿವಿಯೋ ಫ್ರಿಜ್ಜೋ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯಿಂದ ಕೇಳಿ ತಂದು, ಪ್ರತಿ ಹಲಗೆಯನ್ನೂ ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ. ಚಕ್ರದ ಗೂಡಿನ ಸುತ್ತಿನ ಬಾಗು ರಟ್ಟಿನಲ್ಲಿ ತಪ್ಪಿದರೆ ಎರಡು ನಿಮಿಷ ಹೋಗುತ್ತದೆ, ಪ್ಲೈವುಡ್ಡಿನಲ್ಲಿ ತಪ್ಪಿದರೆ ಒಂದು ಹಾಳೆಯೇ ಹೋಗುತ್ತದೆ.

ಎತ್ತರದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮಂಚ ತಗ್ಗಿದ್ದರೆ ಒಳಗೆ ಎದ್ದು ಕೂರಬಹುದು, ಅಡಿಯಲ್ಲಿ ಜಾಗ ಸಿಗದು. ಎತ್ತರವಿದ್ದರೆ ಅಡಿಯಲ್ಲಿ ಸಂಸಾರವೇ ಹಿಡಿಯುತ್ತದೆ, ಮೂಗಿನ ಮೇಲೆ ಚಾವಣಿ. ನೆಟ್ಟಗೆ ಕೂರಲು ಸಾಮಾನ್ಯವಾಗಿ 90 ಸೆಂ.ಮೀ. ಬೇಕು. ನನಗೆ ಆಯ್ಕೆಯೇ ಇರಲಿಲ್ಲ: ಮಡಚಿದ ನಡುಸೀಟಿನ ನೆತ್ತಿ ನೆಲದಿಂದ 46 ಸೆಂ.ಮೀ. ಇದೆ, ಮಂಚ ಅದರ ಮೇಲೆ ಹಾಯಬೇಕು. ಹಾಗಾಗಿ 48ಕ್ಕೆ ನಿಲ್ಲಿಸಿದೆ. ಒಳಗೆ ಕೂರಲಾಗುವುದಿಲ್ಲ, ಮೊಣಕೈ ಊರಿ ಒರಗಬಹುದು ಅಷ್ಟೆ. ಕಾಫಿ ಕುಡಿಯುವುದು ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟುಕೊಂಡು. ಇದು ನನಗೆ ಒಗ್ಗಿದೆ. ಸೊಂಟನೋವಿರುವವರು, ಮಳೆಗಾಲದಲ್ಲಿ ಗಂಟೆಗಟ್ಟಲೆ ಒಳಗೇ ಕೂರಬೇಕೆನ್ನುವವರು ತಗ್ಗು ಮಂಚವನ್ನೇ ಆರಿಸಿಕೊಳ್ಳಲಿ.

ಸೀಟನ್ನೇ ಕಿತ್ತರೆ ಸುಲಭವಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. ಸೀಟುಗಳ ಸಂಖ್ಯೆ ಆ ಪತ್ರದಲ್ಲಿದೆ. ಕೀಳದೆ, ಕೊರೆಯದೆ, ಬೆಸುಗೆ ಹಾಕದೆ ಒಳಗಿಡುವ ಮಂಚ ಸಾಮಾನಿನಂತೆ, ಬೇಡವಾದಾಗ ಇಳಿಸಿದರಾಯಿತು.

ಹಲಗೆ ಯಾವುದು

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ ಎಂದರೆ ಭಾರತೀಯ ಮಾನಕ; ಐಎಸ್ 710 ಎಂದಿದ್ದರೆ ಅದು ನೀರಿಗೆ ಬಗ್ಗದ ಮರೀನ್ ದರ್ಜೆ. ಐಎಸ್ 303ರಲ್ಲಿ ಬಿಡಬ್ಲ್ಯುಆರ್ (ಕುದಿನೀರು ತಾಳುವಂಥದ್ದು) ಎಂದಿರುವುದು ತೇವ ತಡೆಯುತ್ತದೆ, ಎಂಆರ್ (ಬರೀ ತೇವಾಂಶ ತಾಳುವಂಥದ್ದು) ಎಂದಿರುವುದು ಕೊಡಗಿಗೆ ಬೇಡ. ಮುದ್ರೆಯ ಮೇಲೆ ಪೂರ್ತಿ ನಂಬಿಕೆ ಬಾರದಿದ್ದರೆ ಅಂಗಡಿಯವರಿಂದ ಅಂಗೈಯಗಲದ ತುಂಡು ಕೇಳಿ ತಂದು, ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅರ್ಧ ದಿನ ಬಿಡಿ. ಪದರ ಬಿಟ್ಟುಕೊಂಡರೆ ಬೇರೆ ಅಂಗಡಿಗೆ ಹೋಗಿ.

ದಪ್ಪ 12 ಮಿ.ಮೀ. ಸಾಕು. 18 ಮಿ.ಮೀ. ಹಾಕಿದರೆ ಭದ್ರ ಎಂಬುದು ಬಡಗಿಗಳ ಅಭಿಪ್ರಾಯ. ಅವರು ಮನೆಯ ಮಂಚ ಮಾಡುವವರು, ಹೊತ್ತು ಇಳಿಸುವವರಲ್ಲ. ಎಂಟು ಅಡಿ ನಾಲ್ಕು ಅಡಿಯ 12 ಮಿ.ಮೀ. ಹಾಳೆ ಸುಮಾರು 23 ಕೆ.ಜಿ. ತೂಗುತ್ತದೆ, 18ರದ್ದು 35ರ ಹತ್ತಿರ. ತೆಳು ಹಲಗೆಯ ಅಡಿಗೆ ರೀಪರು, ಅಂದರೆ ಕಿರಿದಾದ ಮರದ ಪಟ್ಟಿ, ಕೊಟ್ಟರೆ ಬಲ ಬರುತ್ತದೆ. ರೀಪರಿಗೆ ತೋಟದ ಸಿಲ್ವರ್ ಓಕ್ ಚೆನ್ನಾಗಿದೆ. ಹಗುರ, ಸ್ಕ್ರೂ ಹಿಡಿಯುತ್ತದೆ. ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಮರ ಕೊಯ್ದು ಹಾಕಿದರೆ ಆರು ತಿಂಗಳಲ್ಲಿ ಹಾವಿನಂತೆ ತಿರುಚಿಕೊಳ್ಳುತ್ತದೆ. ಬೀಟೆ, ತೇಗದ ತುಂಡು ಹಿತ್ತಲಲ್ಲಿ ಬಿದ್ದಿದೆ ಎಂದು ಆಸೆ ಪಡಬೇಡಿ, ತೂಕವನ್ನು ಜೀಪು ಹೊರಬೇಕು.

ಕಬ್ಬಿಣದ ಚೌಕಟ್ಟು ಮಾಡಿಸುವವರಿದ್ದಾರೆ. ಬೆಸುಗೆಯವನಿಗೆ ಅರ್ಧ ದಿನದ ಕೆಲಸ, ನೋಡಲು ಅಚ್ಚುಕಟ್ಟು. ಆದರೆ ನಮ್ಮ ಮಳೆಯಲ್ಲಿ ಬೆಸುಗೆಯ ಜಾಗದಿಂದಲೇ ತುಕ್ಕು ಶುರುವಾಗುತ್ತದೆ, ಉಬ್ಬುತಗ್ಗಿನಲ್ಲಿ ಕಿರಿಕಿರಿ ಸದ್ದು ಬೇರೆ. ನಾನು ಮರದ ಪಕ್ಷ.

ಸ್ಕ್ರೂ, ಹಿಂಜು, ಬೋಲ್ಟ್ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಇಲ್ಲಿ ಹಣ ಉಳಿಸಿದರೆ ಒಂದೇ ಮಳೆಗಾಲಕ್ಕೆ ಸ್ಕ್ರೂವಿನ ಸುತ್ತ ಮರ ಕಪ್ಪಾಗುತ್ತದೆ.

ಕೊಯ್ಯುವುದು, ಕೂಡಿಸುವುದು

ನನ್ನ ಮಂಚಕ್ಕೆ ಸರಿಯಾಗಿ ಎರಡು ಹಾಳೆ ಹಿಡಿಯಿತು. ಒಂದು ಹಾಳೆ ಮಲಗುವ ಮೈಗೆ, ಇನ್ನೊಂದು ಅಡಿಯ ಗೋಡೆಗಳಿಗೆ.

ಮೊದಲು ಹಿಂದಿನ ಪೆಟ್ಟಿಗೆ. ಹಿಂಬಾಗಿಲಿನಿಂದ ನಡುಸೀಟಿನ ಬೆನ್ನಿನವರೆಗೆ 95 ಸೆಂ.ಮೀ. ನೆಲ ಇದೆ. ಅದೇ ಉದ್ದದ, 46.8 ಸೆಂ.ಮೀ. ಎತ್ತರದ ಮೂರು ಗೋಡೆಗಳು: ಎಡ, ಬಲ, ನಡುವೆ ಒಂದು. ಮೇಲೆ 12 ಮಿ.ಮೀ. ಮುಚ್ಚಳ ಕೂತಾಗ 48 ಆಗುತ್ತದೆ. ಇವು ಮೂರನ್ನೂ ಮುಂಭಾಗದಲ್ಲಿ 104 ಸೆಂ.ಮೀ. ಅಡ್ಡಗೋಡೆ ಹಿಡಿದುಕೊಳ್ಳುತ್ತದೆ. ಹಿಂಭಾಗ ತೆರೆದೇ ಇರುತ್ತದೆ, ಸಾಮಾನು ಅಲ್ಲಿಂದ ಹೊರಗೆ ಬರಬೇಕಲ್ಲ. ಆ ಕಡೆ ಗೋಡೆಗಳು ವಾಲದಂತೆ ಕೆಳಗೊಂದು ಮೇಲೊಂದು ಅಡ್ಡ ರೀಪರು ಕೊಟ್ಟರೆ ಸಾಕು. ಕೆಳಗಿನದನ್ನು ಚಪ್ಪಟೆಯಾಗಿ ಮಲಗಿಸಿ, ಇಲ್ಲದಿದ್ದರೆ ಕ್ರೇಟು ಎಳೆಯುವಾಗ ಪ್ರತಿ ಸಲವೂ ಎಡವುತ್ತದೆ.

ಗೋಡೆಗೂ ಅಡ್ಡಗೋಡೆಗೂ ನಡುವೆ ಅಂಟು ಹಾಕಬೇಡಿ. ಗೋಡೆಯ ಒಳಮೂಲೆಗೆ ರೀಪರು ಅಂಟಿಸಿ ಸ್ಕ್ರೂ ಬಿಗಿದು, ಅಡ್ಡಗೋಡೆಯನ್ನು ಆ ರೀಪರಿಗೆ 6 ಮಿ.ಮೀ. ಬೋಲ್ಟಿನಿಂದ ಜೋಡಿಸಿ, ಮೂಲೆಗೆರಡು ಬೋಲ್ಟ್. ಎಲ್ಲ ಬೋಲ್ಟೂ ಒಂದೇ ಅಳತೆಯದಿದ್ದರೆ 10 ನಂಬರಿನ ಒಂದೇ ಪಾನ ಸಾಕಾಗುತ್ತದೆ. ಕಳಚುವ ಗುಟ್ಟು ಇಷ್ಟೇ.

ಗೋಡೆಗಳ ನಡುವೆ ದೊಡ್ಡ ಕಿಂಡಿಗಳನ್ನು ಕೊಯ್ದು ತೆಗೆಯಿರಿ. ತೂಕ ಇಳಿಯುತ್ತದೆ, ಗಾಳಿ ಆಡುತ್ತದೆ. ಅಂಚಿನಿಂದ ಎಂಟು ಸೆಂ.ಮೀ. ಬಿಟ್ಟು, ಮೂಲೆ ಗುಂಡಗೆ ಇರಲಿ. ಚೂಪು ಮೂಲೆಯಿಂದ ಬಿರುಕು ಓಡುತ್ತದೆ.

ಪೆಟ್ಟಿಗೆಯ ಮೇಲೆ 95 ಉದ್ದ, 52 ಅಗಲದ ಎರಡು ಮುಚ್ಚಳಗಳು. ಒಂದೇ ದೊಡ್ಡ ಮುಚ್ಚಳ ಮಾಡಿದರೆ ರಾತ್ರಿ ಟಾರ್ಚು ಬೇಕೆಂದಾಗ ಮಲಗಿದವರೆಲ್ಲ ಏಳಬೇಕು. ಪ್ರತಿ ಮುಚ್ಚಳದ ಅಡಿಗೆ ಎರಡು ಅಡ್ಡ ರೀಪರು.

ನಡುಸೀಟಿನ ಮೇಲೆ ಬರುವುದು 60 ಸೆಂ.ಮೀ. ಉದ್ದ, 104 ಅಗಲದ ಹಲಗೆ. ಅದರ ಹಿಂದಂಚು ಪೆಟ್ಟಿಗೆಯ ಅಡ್ಡಗೋಡೆಗೆ ಬಡಿದ ರೀಪರಿನ ಮೇಲೆ ಕೂರುತ್ತದೆ. ಮುಂದಂಚಿಗೆ ಮೂರು ಕಾಲುಗಳು, ಸೀಟಿನ ಮುಂದಿನ ಕಾಲಿಡುವ ನೆಲದ ಮೇಲೆ ನಿಲ್ಲುವಂತೆ. ಆ ನೆಲ ಹಿಂದಿನದಕ್ಕಿಂತ ತಗ್ಗಿರಬಹುದು, ಪ್ರತಿ ಕಾಲಿನ ಉದ್ದವನ್ನೂ ಬೇರೆ ಬೇರೆ ಅಳೆಯಿರಿ. ಭಾರ ಕಾಲುಗಳ ಮೇಲಿರಬೇಕು. ಸೀಟಿನ ಮೆತ್ತೆಯ ಮೇಲೆ ಬಿದ್ದರೆ ಮಂಚ ತೂಗುಯ್ಯಾಲೆಯಾಗುತ್ತದೆ.

ಉಳಿದದ್ದು 23 ಸೆಂ.ಮೀ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆಯಿರುವುದು ಈ ಗೇಣಗಲದ ಪಟ್ಟಿಯ ಬಗ್ಗೆ. ಓಡಿಸುವಾಗ ಮುಂದಿನ ಸೀಟು ಹಿಂದಕ್ಕೆ ಬರಬೇಕು, ಮಲಗುವಾಗ ಅದೇ ಜಾಗ ಕಾಲಿಗೆ ಬೇಕು. ಆ ಪಟ್ಟಿಯನ್ನು ಉದ್ದನೆಯ ಪಿಯಾನೊ ಹಿಂಜಿನಿಂದ 60ರ ಹಲಗೆಗೆ ಜೋಡಿಸಿದೆ. ಹಗಲು ಅದು ಹಿಂದಕ್ಕೆ ಮಡಚಿಕೊಂಡಿರುತ್ತದೆ. ರಾತ್ರಿ ಸೀಟು ಮುಂದಕ್ಕೆ ತಳ್ಳಿ, ಹಲಗೆಯ ಅಡಿಯಿಂದ ಎರಡು ರೀಪರುಗಳನ್ನು ಹೊರಗೆ ಜಾರಿಸಿ, ಪಟ್ಟಿಯನ್ನು ಅವುಗಳ ಮೇಲೆ ಇಳಿಸುತ್ತೇನೆ. ಹಳೆಯ ಊಟದ ಮೇಜಿಗೆ ಹೆಚ್ಚುವರಿ ಹಲಗೆ ಎಳೆಯುತ್ತಿದ್ದರಲ್ಲ, ಅದೇ ಉಪಾಯ. ಅಲ್ಲಿ ಪಾದ ಮಾತ್ರ ಬರುವುದರಿಂದ ಭಾರವಿಲ್ಲ.

ಎಲ್ಲ ಮುಚ್ಚಳಕ್ಕೂ ಒಂದು ಅಂಗುಲದ ತೂತುಗಳನ್ನು ಗೇಣಿಗೊಂದರಂತೆ ಕೊರೆಯಿರಿ. ಬೆರಳು ತೂರಿಸಿ ಎತ್ತಲೂ ಅವೇ ಹಿಡಿಕೆ.

ಬಣ್ಣಕ್ಕೆ ಮೊದಲು ಒಮ್ಮೆ ಎಲ್ಲವನ್ನೂ ಜೀಪಿನೊಳಗೆ ಜೋಡಿಸಿ, ಮೇಲೆ ಹೊರಳಾಡಿ ನೋಡಿ. ಸರಿ ಕಂಡ ಮೇಲೆ ಕಳಚಿ, ಉಜ್ಜಿ, ಹೊರಗಡೆಗೆ ಬಳಸುವ ಪಿಯು (ಪಾಲಿಯುರೆಥೇನ್) ವಾರ್ನಿಶ್ ಮೂರು ಕೈ ಹಚ್ಚಿ. ಪ್ಲೈವುಡ್ ನೀರು ಕುಡಿಯುವುದು ಮೈಯಿಂದಲ್ಲ, ಅಂಚಿನಿಂದ. ಕೊಯ್ದ ಅಂಚು, ಕೊರೆದ ತೂತಿನ ಒಳಮೈ, ಯಾರೂ ನೋಡದ ಅಡಿಭಾಗ, ಇಲ್ಲೆಲ್ಲ ಒಂದು ಕೈ ಹೆಚ್ಚೇ ಇರಲಿ. ಈ ಕೆಲಸ ಫೆಬ್ರವರಿ, ಮಾರ್ಚಿನ ಬಿಸಿಲಿನಲ್ಲೇ ಆಗಬೇಕು. ಜುಲೈನಲ್ಲಿ ಹಚ್ಚಿದ ವಾರ್ನಿಶ್ ಹಾಲಿನ ಕೆನೆಯಂತೆ ಬಿಳಿಚಿಕೊಳ್ಳುತ್ತದೆ. ಮುಗಿದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಮಲಗಬೇಡಿ, ಒಂದು ವಾರವಾದರೂ ಬಿಸಿಲಿಗಿಡಿ.

ಬಿಗಿಯುವುದು

ನೆಲ ಕೊರೆಯಬೇಡಿ. ತುಕ್ಕಿನ ಕತೆ ಹೇಳಿದೆ. ಅಡಿಯಲ್ಲಿ ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ ಹಾದುಹೋಗಿರುತ್ತವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸೀಟ್ ಬೆಲ್ಟಿನ ಬೋಲ್ಟಿಗೂ ಕೈ ಹಾಕಬೇಡಿ, ಅದು ಜೀವ ಹಿಡಿಯಲು ಇರುವಂಥದ್ದು.

ಬ್ರೇಕು ಹಾಕಿದಾಗ ಪೆಟ್ಟಿಗೆ ಮುಂದಕ್ಕೆ ನುಗ್ಗದಂತೆ ನಡುಸೀಟೇ ತಡೆಯುತ್ತದೆ, ಅದಕ್ಕಾಗಿಯೇ ಅಡ್ಡಗೋಡೆ ಸೀಟಿಗೆ ಒತ್ತಿಕೊಂಡಿರಬೇಕು. ಅದರ ಮೇಲೆ ಲಾರಿಯವರು ಬಳಸುವ ರ‍್ಯಾಚೆಟ್ ಪಟ್ಟಿ ಎರಡು, ಸೀಟಿನ ಕಬ್ಬಿಣದ ಬುಡಕ್ಕೆ ಸುತ್ತಿ ಪೆಟ್ಟಿಗೆಯ ಕಿಂಡಿಯ ಮೂಲಕ ಎಳೆದು ಬಿಗಿದರೆ ಮಡಿಕೇರಿ ಘಾಟಿಯ ತಿರುವಿನಲ್ಲೂ ಅಲುಗುವುದಿಲ್ಲ. ಮುಚ್ಚಳಗಳಿಗೆ ಒಂದೊಂದು ಚಿಲಕವಿರಲಿ. ವಾಹನ ಓಡುವಾಗ ಮಂಚದ ಮೇಲೆ ಯಾರೂ ಕೂರಬಾರದು, ಮಕ್ಕಳಂತೂ ಮೊದಲೇ ಅಲ್ಲ.

ಮರಕ್ಕೆ ಮರ ತಾಗುವ ಕಡೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಅಂಟಿಸಿ. ತೋಟದ ರಸ್ತೆಯಲ್ಲಿ ಕಿರುಗುಟ್ಟುವ ಮಂಚದ ಜೊತೆ ಅರ್ಧ ಗಂಟೆ ಓಡಿಸಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅಡಿಯ ಜಾಗ

ಜಾರುವ ಡ್ರಾಯರುಗಳು ಚಿತ್ರದಲ್ಲಿ ಚೆಂದ. ರೈಲುಗಳೇ ಏಳೆಂಟು ಕೆ.ಜಿ. ತೂಗುತ್ತವೆ, ಕೆಂಪು ಧೂಳು ಹೊಕ್ಕರೆ ಸಿಕ್ಕಿಕೊಳ್ಳುತ್ತವೆ. ತರಕಾರಿ ಮಂಡಿಯ ಪ್ಲಾಸ್ಟಿಕ್ ಕ್ರೇಟು ಸಾಕು: ತೂತಿರುವುದರಿಂದ ಗಾಳಿಯಾಡುತ್ತದೆ, ತೊಳೆಯಬಹುದು, ಮನೆಗೆ ಬಂದ ಮೇಲೆ ಹಾಗೆಯೇ ಅಡುಗೆಮನೆಗೆ ಒಯ್ಯಬಹುದು. ಗೋಡೆಗಳನ್ನು ಕೊಯ್ಯುವ ಮೊದಲು ಕ್ರೇಟು ಕೊಂಡು ತನ್ನಿ, ಆಮೇಲಲ್ಲ.

ಭಾರವಾದದ್ದು ಮುಂದೆ, ನಡುಸೀಟಿಗೆ ಒತ್ತಿ, ನೆಲದ ಮೇಲೆ. ಇಪ್ಪತ್ತು ಲೀಟರ್ ನೀರಿನ ಕ್ಯಾನು ಇಪ್ಪತ್ತು ಕೆ.ಜಿ. ಎಂಬುದನ್ನು ಮರೆಯಬೇಡಿ. ಹಿಂಬಾಗಿಲ ಹತ್ತಿರ ಒಲೆ, ಪಾತ್ರೆ, ಚಹಾಪುಡಿ. ಮುಚ್ಚಳದಡಿ ಕೈಗೆ ಸಿಗುವಂತೆ ಟಾರ್ಚು, ಔಷಧಿ, ಸ್ವೆಟರು. ಬೊಲೆರೊದ ಹಿಂಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಮಳೆಗೆ ಸೂರು ಸಿಗುವುದಿಲ್ಲ. ಚಾವಣಿಯ ಕ್ಯಾರಿಯರಿನಿಂದ ಎರಡು ಕೋಲಿಗೆ ಕಟ್ಟುವಷ್ಟು ಟಾರ್ಪಾಲು, ಹಗ್ಗ ಎಲ್ಲಕ್ಕಿಂತ ಮೇಲಿರಲಿ. ಅದು ಬೇಕಾಗುವುದು ಮಳೆ ಸುರಿಯುತ್ತಿರುವಾಗಲೇ.

ಹಾಸಿಗೆ, ಗಾಳಿ

ಎರಡಂಗುಲದ, 40 ಸಾಂದ್ರತೆಯ ಫೋಮನ್ನು ಮೂರು ತುಂಡು ಮಾಡಿ ಹತ್ತಿಯ ಗವಸು ಹೊಲಿಸಿ. ಅಡಿಗೆ ತೆಂಗಿನ ನಾರಿನ ಚಾಪೆ ಹಾಸಿ. ಮೈಯ ಶಾಖ, ಹಲಗೆಯ ತಂಪು ಸೇರುವಲ್ಲಿ ಬೆವರುವ ನೀರು ನಾರಿನೊಳಗೆ ಆರಿಹೋಗುತ್ತದೆ. ಚಾಪೆಯಿಲ್ಲದ ಫೋಮಿನ ಅಡಿಭಾಗವನ್ನು ಮೂರನೆಯ ಬೆಳಿಗ್ಗೆ ಎತ್ತಿ ನೋಡಿದರೆ ನಾನು ಹೇಳುವುದು ತಿಳಿಯುತ್ತದೆ.

ಗಾಜು ಪೂರ್ತಿ ಏರಿಸಿ ಮಲಗಿದರೆ ಉಸಿರಿನ ನೀರೆಲ್ಲ ಚಾವಣಿಗೆ ಅಂಟಿ ಬೆಳಗಿನ ಜಾವ ಹಣೆಯ ಮೇಲೆ ತೊಟ್ಟಿಕ್ಕುತ್ತದೆ. ಎದುರುಬದುರಿನ ಎರಡು ಕಿಟಕಿಗಳನ್ನು ಎರಡೆರಡು ಬೆರಳು ಇಳಿಸಿ. ಮಳೆ ಬಾರದಂತೆ ಹೊರಗೆ ವೈಸರ್, ಸೊಳ್ಳೆ ಬಾರದಂತೆ ಒಳಗೆ ಪರದೆ. ಪರದೆಯ ಅಂಚಿಗೆ ಪುಟ್ಟ ಅಯಸ್ಕಾಂತಗಳನ್ನು ಹೊಲಿದರೆ ಬಾಗಿಲಿನ ಉಕ್ಕಿಗೆ ತಾನೇ ಹಿಡಿದುಕೊಳ್ಳುತ್ತದೆ.

ಒಳಗೆ ಒಲೆ ಹಚ್ಚಬೇಡಿ, ಚಳಿಯೆಂದು ಕೆಂಡದ ಬಾಣಲೆ ಇಡಬೇಡಿ, ಎಂಜಿನ್ ಓಡಿಸಿಕೊಂಡು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲಿರುವವರು ಏಳುವುದೇ ಇಲ್ಲ. ಈ ಒಂದು ವಿಷಯದಲ್ಲಿ ನನ್ನ ಬಳಿ ತಮಾಷೆಯಿಲ್ಲ.

ಜಿಗಣೆಗೆ ಮಾತ್ರ ಯಾವ ಪರದೆಯೂ ಸಾಲದು. ಶೂ, ಕಾಲುಚೀಲಗಳನ್ನು ಹೊರಗೇ ಕಳಚಿ ಮುಚ್ಚಳವಿರುವ ಬಕೆಟ್ಟಿಗೆ ಹಾಕಿ. ಹಿಂಬಾಗಿಲ ಹೊಸ್ತಿಲಿಗೆ ಹೊಗೆಸೊಪ್ಪು ಸುಣ್ಣ ನೆನೆಸಿದ ಬಟ್ಟೆ ಎಳೆಯುವುದು ನಮ್ಮಲ್ಲಿ ಹಳೆಯ ರೂಢಿ. ಉಪ್ಪು ಎರಚಬೇಡಿ, ಜೀಪು ತುಕ್ಕು ಹಿಡಿಯುತ್ತದೆ.

ನಿಲ್ಲಿಸುವ ಜಾಗ

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಜೀವಿ ಧಾಮಗಳು, ಆಚೆ ನಾಗರಹೊಳೆ. ಇವುಗಳೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಹೊರಗಿನ ಖಾಲಿ ಜಾಗವೂ ಖಾಲಿಯಲ್ಲ, ಯಾರದೋ ತೋಟದ ಅಂಚು. ಮನೆಯವರನ್ನು ಕೇಳಿ ಅಂಗಳದಲ್ಲೋ ಕಣದಲ್ಲೋ ನಿಲ್ಲಿಸಿ. ಕೇಳಿದರೆ ಇಲ್ಲವೆನ್ನುವವರು ಕಡಿಮೆ, ಬೆಳಿಗ್ಗೆ ಕಾಫಿಯೂ ಬರುತ್ತದೆ.

ಹಲಸು ಹಣ್ಣಾಗುವ ಕಾಲದಲ್ಲಿ ಆ ಮರದ ಹತ್ತಿರವೂ ಸುಳಿಯಬೇಡಿ, ಜೀಪಿನೊಳಗೆ ಹಲಸು, ಬಾಳೆಹಣ್ಣು ಇಟ್ಟುಕೊಳ್ಳಲೂ ಬೇಡಿ. ಆನೆಯ ಮೂಗಿಗೆ ಡಬ್ಬಿಯ ಮುಚ್ಚಳ ಲೆಕ್ಕಕ್ಕಿಲ್ಲ. ಈಗೀಗ ಅವು ಕಾಫಿ ಹಣ್ಣನ್ನೂ ಬಿಡುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಡಿದ ಗುಡ್ಡದ ಬುಡ, ಹೊಳೆಯ ದಡ, ಒಂಟಿ ಸಿಲ್ವರ್ ಓಕಿನ ನೆರಳು ಮೂರೂ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೆಲ ಸಮ ಸಿಗದಿದ್ದರೆ ತಲೆ ಎತ್ತರದ ಕಡೆ ಬರುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಇಳಿಸಿದ ಮೇಲೆ

ಕಳಚುವ ಮೊದಲು ಪ್ರತಿ ತುಂಡಿನ ಅಡಿಯಲ್ಲೂ ಬಣ್ಣದಿಂದ ಅಂಕಿ, ಯಾವ ಕಡೆ ಮುಂದೆ ಎಂಬುದಕ್ಕೆ ಬಾಣದ ಗುರುತು ಬರೆಯಿರಿ. ಎಡಗೋಡೆ ಬಲಗೋಡೆ ನೋಡಲು ಒಂದೇ, ಬೋಲ್ಟಿನ ತೂತು ಮಾತ್ರ ತಾಳೆಯಾಗುವುದಿಲ್ಲ. ಬೋಲ್ಟುಗಳನ್ನು ತೆಗೆದ ತೂತಿಗೇ ಮತ್ತೆ ತಿರುಗಿಸಿಡಿ. ಹಾಳೆಗಳನ್ನು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಹಿಂಬದಿ ನೋಡುತ್ತಿರಿ. ಮರೀನ್ ಪ್ಲೈವುಡ್ ಮಳೆಗೆ ಹೆದರದಿರಬಹುದು. ನಮ್ಮ ಷೆಡ್ಡಿನ ಗೆದ್ದಲಿಗೆ ಮುದ್ರೆ ಓದಲು ಬರುವುದಿಲ್ಲ.